ಮನೆ ಬಾಡಿಗೆಗಿದೆ

ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ ಎರಡೇ ತಿಂಗಳಲ್ಲಿ ಹೊಸ ಊರಿನ ಹದಿನಾರು ಹೋಟೆಲುಗಳ ರುಚಿ ನೋಡಿದ್ದ. ರುಚಿಗೆ, ಶುಚಿಗೆ, ಮಾಲೀಕರ ಪ್ರಾಮಾಣಿಕತೆಗೆ ಪ್ರತ್ಯೇಕವಾಗಿ ಅಂಕ ಕೊಡುವುದು ಅವನ ಪದ್ಧತಿ. ಮೂರರಲ್ಲೂ ಪೂರ್ಣ ಅಂಕ ಪಡೆದದ್ದು ಕೆರೆಯ ಏರಿಯ ಬಳಿ ಪುಟ್ಟತಾಯಮ್ಮ ಕೆಂಡದ ಮೇಲೆ ಮಾಂಸ ಸುಟ್ಟು ಕೊಡುತ್ತಿದ್ದ ಸಣ್ಣ ಅಂಗಡಿ ಮಾತ್ರ.

ಆ ಭಾನುವಾರ ಆಕೆಯ ಮುಖ ಬಾಡಿತ್ತು.

“ಯಾಕಮ್ಮಾ, ಇವತ್ತು ಮಾತೇ ಇಲ್ಲ?”

“ನಾವಿರೋ ಮನೆ ಕೆಡವ್ತಾರೆ ಸಾರ್. ನಾಡಿದ್ದೇ ಖಾಲಿ ಮಾಡ್ಬೇಕು. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ? ಎರಡು ತಿಂಗಳ ಹಿಂದೆ ಒಂದು ಮನೆ ಗೊತ್ತಾಗಿತ್ತು. ಮಾಂಸ ಬೇಯ್ಸೋರು ಅಂತ ತಿಳಿದಿದ್ದೇ ತಡ, ಆಗಲ್ಲ ಅಂದ್ಬಿಟ್ರು.”

ಅವನು ಕಡಿಯುತ್ತಿದ್ದ ಎಲುಬನ್ನು ತಟ್ಟೆಗೆ ಹಾಕಿದ.

“ಎಂಥಾ ನೀಚ ಜನ! ತಟ್ಟೇಲಿ ಏನಿದೆ ಅಂತ ನೋಡಿ ಮನೆ ಕೊಡೋದಾ?”

“ಬಿಡಿ ಸಾರ್. ನೀವಿಲ್ಲಿ ಕೂತು ಬೈದ್ರೆ ಅವರ ಮನೆ ಹೆಂಚು ಹಾರೋದಿಲ್ಲ.”

“ಇಲ್ಲಮ್ಮ, ಇಂಥದ್ದನ್ನ ನಾನು ಸಹಿಸೋನಲ್ಲ. ಅಡ್ರೆಸ್ ಹೇಳಿ, ನಾನೇ ಹೋಗಿ ಕೇಳ್ತೀನಿ.”

“ಕೇಳಿ ಏನುಪಯೋಗ? ಯಾರೋ ಬಂದು ಸೇರ್ಕೊಂಡವ್ರೆ. ಮೊಟ್ಟೇನೂ ಮುಟ್ಟೋನಲ್ಲ ಅಂತ ಬರ್ದುಕೊಟ್ಟನಂತೆ ಪುಣ್ಯಾತ್ಮ. ಐದನೇ ಕ್ರಾಸು, ನೀರಿನ ಟ್ಯಾಂಕ್ ಎದುರಿಗೆ, ಹಸಿರು ಗೇಟಿನ ಮನೆ.”

ವಿಳಾಸ ಬರೆದುಕೊಳ್ಳಲು ಪೆನ್ನಿಗಾಗಿ ಜೇಬಿನಲ್ಲಿ ತಡಕಾಡುತ್ತಿದ್ದ ಅವನ ಬೆರಳುಗಳಿಗೆ ಆ ಮನೆಯ ಬೀಗದ ಕೈ ತಾಗಿತು.