ಮೊದಲ ಮಡಿಕೆ

ದೊಡ್ಡ ಹಾಳೆಯ ಎರಡು ಅಂಚುಗಳನ್ನು ಹಿಡಿದು ಇಬ್ಬರೂ ಎದುರುಬದುರು ನಿಂತಿದ್ದಾಗ ನಾದಿನಿ ಮಾತು ತೆಗೆದಳು. ಅತ್ತಿಗೆಗೆ ಕೈಬಿಟ್ಟು ಒಳಗೆ ಹೋಗಲಾಗದ ಗಳಿಗೆ ದಿನದಲ್ಲಿ ಅದೊಂದೇ.

"ಅವರು ಮತ್ತೆ ಕೇಳಿದ್ರು ಅತ್ತಿಗೆ. ಈ ವಾರ ಏನಾದ್ರೂ ಹೇಳಲೇಬೇಕಂತೆ."

"ಯಾರು, ಕಾಗದದ ಅಂಗಡಿಯವನಾ? ಅವನು ಕಳಿಸೋ ಹಾಳೇಲಿ ಒಂದರ ಅಂಚಾದ್ರೂ ನೆಟ್ಟಗಿರುತ್ತಾ?"

"ಮದುವೆ ಆಗೋಳು ನಾನು. ಅಂಚು ನಾನು ನೋಡ್ಕೋತೀನಿ."

"ತಲೇಲಿ ಒಂದು ಕೂದಲಿಲ್ಲ ಆ ಮನುಷ್ಯನಿಗೆ."

"ನನ್ನ ತಲೇಲಿ ಕಪ್ಪು ಎಲ್ಲಿ ಉಳಿದಿದೆ, ಹೇಳಿ."

ಅತ್ತಿಗೆ ನಗಲಿಲ್ಲ. ಕೈಯಿಂದ ತಯಾರಿಸಿದ ಆ ದಪ್ಪ ಹಾಳೆಯನ್ನು ಮೂರು ಸಲ ಮಡಿಸಿದರೆ ಅವರು ಹೊಲಿದು ಕಟ್ಟುವ ಪುಸ್ತಕದ ಒಂದು ಕಂತೆ. ಕೊನೆಯ ಎರಡು ಮಡಿಕೆಗಳನ್ನು ಯಾರು ಬೇಕಾದರೂ ಮೇಜಿನ ಮೇಲೆ ಒಂಟಿಯಾಗಿ ಹಾಕಬಹುದು. ಮೊದಲನೆಯದಕ್ಕೆ ಮಾತ್ರ ಇಬ್ಬರು ಬೇಕು. ಒಬ್ಬರು ಅಲುಗದೆ ನಿಲ್ಲಬೇಕು. ಇನ್ನೊಬ್ಬರು ತಮ್ಮ ಅಂಚನ್ನು ಹೊತ್ತು ನಡೆದುಬಂದು ಮೂಲೆಗೆ ಮೂಲೆ ಕೂಡಿಸಬೇಕು. ನಡುವೆ ಕೈ ಸಡಿಲವಾದರೆ ಬೇಡದ ಕಡೆ ಗೆರೆ ಬೀಳುತ್ತದೆ, ಹಾಳೆ ಕೆಡುತ್ತದೆ. ಅಣ್ಣ ತೀರಿಕೊಂಡಂದಿನಿಂದ ನಡೆದುಬರುತ್ತಿದ್ದವಳು ನಾದಿನಿ. ಅತ್ತಿಗೆಗೆ ಮೊಣಕಾಲು ನೋವು.

ಅತ್ತಿಗೆ ಬೇಡವೆಂದರೆ ಹೋಗುವುದಿಲ್ಲವೆಂದು ನಾದಿನಿ ನಿರ್ಧರಿಸಿಯಾಗಿತ್ತು. ಬೇಡವೆಂದೇ ಅನ್ನುತ್ತಾಳೆಂಬ ನೆಚ್ಚಿಕೆಯೂ ಒಳಗೆಲ್ಲೋ ಇತ್ತು. ಈ ವಯಸ್ಸಿನಲ್ಲಿ, ಮತ್ತೊಬ್ಬರ ಮನೆಯ ಕತ್ತಲಲ್ಲಿ, ದೀಪದ ಸ್ವಿಚ್ಚಿಗಾಗಿ ಗೋಡೆ ತಡವುವ ಆಯಾಸ ಅವಳ ಬೆರಳುಗಳಿಗೆ ಈಗಲೇ ತಿಳಿಯುತ್ತಿತ್ತು. ಅವಳು ನಡೆದುಬಂದು ಮೂಲೆ ಕೂಡಿಸಿದಳು. ಅತ್ತಿಗೆ ಹಾಳೆಯನ್ನು ಮೇಜಿಗಿಳಿಸಿ, ನುಣುಪಾದ ಎಲುಬಿನ ಪಟ್ಟಿಯಿಂದ ಮಡಿಕೆಯನ್ನು ಉದ್ದಕ್ಕೂ ತೀಡಿದಳು.

"ಈ ಸಲ ನೀನು ನಿಲ್ಲು," ಮುಂದಿನ ಹಾಳೆ ಎತ್ತುತ್ತ ಹೇಳಿದಳು. "ನಾನು ಬರ್ತೀನಿ."

"ನಿಮ್ಮ ಕಾಲು…"

"ಕಾಲು ನಂದು. ಗೋಡೆ ಹತ್ತಿರ ಹೋಗು."

ಗೋಡೆಯ ಉದ್ದಕ್ಕೂ, ಅಂಟು ಬಳಿದ ರಟ್ಟುಗಳನ್ನು ಒಣಹಾಕುವ ಮರದ ಪಟ್ಟಿಯಿತ್ತು. ನಾದಿನಿ ತನ್ನ ಅಂಚನ್ನು ಅದಕ್ಕೆ ತಾಗಿಸಿ ನಿಂತಳು. ಅತ್ತಿಗೆ ಬಟ್ಟೆಗೆ ಹಾಕುವ ಎರಡು ಕ್ಲಿಪ್ಪು ತಂದು, ನಾದಿನಿಯ ಬೆರಳುಗಳ ಪಕ್ಕದಲ್ಲೇ, ಈ ಮೂಲೆಗೊಂದು ಆ ಮೂಲೆಗೊಂದು ಸಿಕ್ಕಿಸಿದಳು.

"ಬಿಡು ಈಗ."

"ಬೀಳುತ್ತೆ, ಅತ್ತಿಗೆ."

"ಬಿಡು ಅಂದೆ."

ನಾದಿನಿ ಬಿಟ್ಟಳು, ಹಾಳೆ ಬೀಳಲಿಲ್ಲ. ಅತ್ತಿಗೆ ಆ ಕಡೆಯ ಅಂಚನ್ನೆತ್ತಿ, ಒಂದೊಂದು ಹೆಜ್ಜೆಗೂ ಉಸಿರು ಬಿಗಿಹಿಡಿದು ಬಂದಳು. ಮೂಲೆಗಳು ಕೂಡಿದವು. ಮೇಜಿನ ಮೇಲೆ ಹಾಕಿ ತೀಡಿದಾಗ ಮಡಿಕೆ ನೂಲು ಹಿಡಿದಷ್ಟು ನೇರವಾಗಿತ್ತು.

"ಹೂಂ ಅಂತ ಹೇಳಿಬಿಡು ಅವನಿಗೆ," ಎಂದಳು ಅತ್ತಿಗೆ, ಮುಖ ಎತ್ತದೆ. "ಪಾಪ, ಎಷ್ಟು ದಿನ ಅಂತ ಕಾಯಿಸ್ತೀಯ."

ಕುಂಟುತ್ತ ಅವಳು ಮತ್ತೊಂದು ಹಾಳೆಗೆ ಹೋದಳು. ಗೋಡೆಯ ಬಳಿ ನಾದಿನಿ ನಿಂತೇ ಇದ್ದಳು. ಅವಳ ಎರಡು ಕೈಗಳೂ ಎದೆಯ ಮಟ್ಟದಲ್ಲಿ, ಹೆಬ್ಬೆರಳಿಗೆ ತೋರುಬೆರಳು ಒತ್ತಿಕೊಂಡು, ಏನನ್ನೋ ಹಿಡಿದಂತೆಯೇ ಇದ್ದವು.