ಹನ್ನೊಂದರಿಂದ ಒಂದರವರೆಗೆ

ವೀರಭದ್ರಮ್ಮ ಜಯಚಂದ್ರನ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಒಂದು ಡಬ್ಬಿ ಕೋಡುಬಳೆ. ಬಣ್ಣದ ಪೆನ್ಸಿಲ್ಲು. ಬೆಲೆಯ ಚೀಟಿ ಇನ್ನೂ ಕಿತ್ತಿರದ ಫ್ರಾಕು. ಗಡಿ ದಾಟುವ ಬಸ್ಸಿನ ಟಿಕೆಟ್ ಇರಲಿಲ್ಲ. ಇಲ್ಲದ್ದೇ ಉಮಾದೇವಿಗೆ ಹೆಚ್ಚು ಭಯ ತಂದಿತು. ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಕೋರ್ಟಿಗೆ ಬರುವಷ್ಟು ದಡ್ಡನಲ್ಲ ತನ್ನ ಗಂಡ.

"ಫೋನು ಇಲ್ಲಿಡಪ್ಪ," ಎಂದರು ವೀರಭದ್ರಮ್ಮ. ಇಂಥ ಭೇಟಿಗಳ ಮೇಲೆ ಕಣ್ಣಿಡಲು ಹಿಂದೂಪುರದ ಕೋರ್ಟು ನೇಮಿಸಿದ ಕೌನ್ಸೆಲರ್ ಅವರು.

ಜಯಚಂದ್ರ ಇಟ್ಟ. ಪರದೆ ಕೆಳಗೆ ಮಾಡಿ. ಯಾಕೆ ಹಾಗೆ ಇಡಬೇಕು?

ಗೇಟಿನಲ್ಲಿ ಉಮಾದೇವಿಯ ಅಣ್ಣ ಗಂಗರಾಜು ಬೈಕಿನ ಮೇಲೆ ಕಾವಲು ಕೂತಿದ್ದ. ಒಳಗೆ ಬರುವಾಗಲೇ ಅವನು ತಡೆದು ಕೇಳಿದ್ದ: "ಏನ್ ಬಾವಾ, ಹೊಸ ಬೂಟು? ಓಡಾಕಾ?"

"ನಿನ್ ತಂಗಿ ಓಡಿಸಿದ್ದೇ ಸಾಕಾಗೈತೆ ಕಣಪ್ಪ," ಎಂದಿದ್ದ ಜಯಚಂದ್ರ.

ಕೊನೆಯ ತೀರ್ಪು ಬರುವವರೆಗೆ ಏಳು ವರ್ಷದ ವಾಣಿಶ್ರೀ ಕಲ್ಯಾಣದುರ್ಗದಲ್ಲಿ ತಾಯಿಯ ಬಳಿ ಇರಬೇಕು. ತಿಂಗಳ ಮೊದಲನೇ, ಮೂರನೇ ಶನಿವಾರ ಹನ್ನೊಂದರಿಂದ ಒಂದರವರೆಗೆ ತಂದೆ ನೋಡಬಹುದು, ಕೌನ್ಸೆಲರ್ ಎದುರಿನಲ್ಲಿ ಮಾತ್ರ. ಮಗು ಹೆದರದೆ ಮಾತಾಡಲಿ ಎಂದು ತಾಯಿ ಹೊರಗೆ ಬೇವಿನ ಮರದ ಕೆಳಗೆ ಕಾಯಬೇಕೆಂಬುದು ಮೊದಲ ಏರ್ಪಾಡು.

ಅದು ಎರಡು ಭೇಟಿಯಷ್ಟೇ ನಡೆಯಿತು. ಊರಿಗೆ ಮರಳುವ ಬಸ್ಸು ಸೋಮಂದೇಪಲ್ಲಿ ದಾಟುವಾಗ ವಾಣಿ ಕಿಟಕಿಯಾಚೆ ನೋಡುತ್ತ ಹೇಳಿದ್ದಳು: "ಅಮ್ಮಾ, ಕೊಡಿಕೊಂಡ ದಾಟುದ್ರೆ ಇಲ್ಲಿನ ಪೊಲೀಸ್ರು ಬರಾಕಿಲ್ವಂತೆ. ಅಪ್ಪ ಹೇಳ್ತು."

ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿದರೆ ಆಂಧ್ರ ಮುಗಿದು ಕರ್ನಾಟಕ ಎಂದು ಗೊತ್ತಿದ್ದ ಉಮಾದೇವಿ ವಕೀಲರ ಬಳಿಗೆ ಓಡಿದಳು. ವಕೀಲರು ಕೋರ್ಟಿಗೆ ಅರ್ಜಿ ಹಾಕಿದರು. ಮರದ ಕೆಳಗಿದ್ದ ತಾಯಿ ಬಾಗಿಲ ಬಳಿಗೆ ಬಂದಳು.

ಮುಂದಿನ ಭೇಟಿಯಾದ ಮೇಲೆ ಅದೇ ಬಸ್ಸು, ಅದೇ ಕಿಟಕಿ. "ಅಪ್ಪ ಆ ಕಡೆ ಮನೆ ನೋಡೈತಂತೆ. ನೀನು ನೀರಿಗೆ ಹೋದಾಗ ಎತ್ಕಂಡು ಹೋಯ್ತೀನಿ ಅಂತು." ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಮುಂದಿನ್ ಸಲ ನೀನು ಎಲ್ಲಿ ಕೂತ್ಕಂತೀಯಮ್ಮಾ?"

ಮಗು ಹೆದರಿಕೊಂಡಿದೆ ಎಂದುಕೊಂಡಳು ಉಮಾದೇವಿ. ಇನ್ನೊಂದು ಅರ್ಜಿ ಹೋಯಿತು. ಈಗ ಅವಳ ಕುರ್ಚಿ ಕೋಣೆಯೊಳಗೇ, ಜಯಚಂದ್ರನಿಗೆ ಎದುರಾಗಿ. ಮಧ್ಯೆ ಒಂದು ಮೇಜು. "ಇನ್ನೊಂದು ಇಂಥ ಮಾತು ಕೌನ್ಸೆಲರ್ ವರದಿಯಲ್ಲಿ ಬಂದರೆ ಸಾಕು, ಭೇಟಿಯೇ ನಿಲ್ಲುತ್ತದೆ," ಎಂದಿದ್ದರು ವಕೀಲರು. ಅದು ಜಯಚಂದ್ರನಿಗೂ ಗೊತ್ತಿತ್ತು.

"ನನ್ ಮಗಳನ್ನ ನಾನೇ ಕದಿಯಾಕೆ ನಾನೇನು ಕಳ್ಳನಾ ಉಮಾ? ಅಂಗೆಲ್ಲ ನಾನು ಅಂದೇ ಇಲ್ಲ," ಎಂದ ಜಯಚಂದ್ರ ಮೇಜಿನಾಚೆಯಿಂದ.

"ಮಗು ಸುಳ್ಳು ಹೇಳ್ತದಾ ಮೇಡಂ? ನೀವೇ ಕೇಳಿ ಅವ್ರನ್ನ," ಎಂದಳು ಉಮಾದೇವಿ. ಗಂಡನೊಂದಿಗೆ ಅವಳು ನೇರವಾಗಿ ಮಾತಾಡಿ ಎಂಟು ತಿಂಗಳಾಗಿತ್ತು.

"ಊರುಕೋಂಡಿ, ಸುಮ್ನಿರಿ ಇಬ್ಬರೂ," ವೀರಭದ್ರಮ್ಮ ತೆಲುಗು ಬೆರೆಸಿ ಗದರಿದರು. "ಪಾಪ ಕೇಳ್ತಾವ್ಳೆ."

ವಾಣಿ ಡಬ್ಬಿಯ ಮುಚ್ಚಳ ತೆಗೆದಳು. ಒಂದು ಕೋಡುಬಳೆ ಅಪ್ಪನಿಗೆ, ಒಂದು ಅಮ್ಮನಿಗೆ, ಒಂದು ತನಗೆ. ಬಾಯಿಗಿಡಹೊರಟ ಮಗಳ ಕೈಯನ್ನು ಉಮಾದೇವಿ ಹಿಡಿದಳು. ಏನು ಬೆರೆಸಿದ್ದಾನೋ.

"ಮೊದ್ಲು ನೀವು ತಿನ್ನಿ."

ಎಂಟು ತಿಂಗಳಲ್ಲಿ ಅವನಿಗೆ ಆಡಿದ ಮೊದಲ ಮಾತು. ಜಯಚಂದ್ರ ಅವಳನ್ನೇ ನೋಡುತ್ತ ಕಚ್ಚಿದ, ಅಗಿದ, ನುಂಗಿದ. ಆಮೇಲೆ ಉಮಾದೇವಿ ರುಚಿ ನೋಡಿದಳು. ಆಮೇಲೆ ಮಗು ತಿಂದಿತು.

ಹನ್ನೆರಡೂ ಮುಕ್ಕಾಲು. ಜಯಚಂದ್ರ ಗಡಿಯಾರ ನೋಡಿದ. ಮತ್ತೆ ನೋಡಿದ.

"ಅಪ್ಪಾ, ಎತ್ಕೋ," ಎಂದಳು ವಾಣಿ.

ಅವನು ಎತ್ತಿಕೊಂಡ. ಒಂದು ಹೆಜ್ಜೆ, ಎರಡು ಹೆಜ್ಜೆ, ಬಾಗಿಲ ಕಡೆಗೆ. ಉಮಾದೇವಿಯ ಕುರ್ಚಿ ಹಿಂದಕ್ಕೆ ಉರುಳಿತು. "ಅಣ್ಣಾ!" ಎಂದು ಚೀರಿ ಗಂಡನ ತೋಳನ್ನು ಎರಡೂ ಕೈಯಿಂದ ಹಿಡಿದಳು. ಗೇಟಿನಿಂದ ಗಂಗರಾಜು ಓಡಿ ಬಂದ. ಅವನಿಗೆ ಕಂಡದ್ದು, ಒಬ್ಬರಿಗೊಬ್ಬರು ಅಂಟಿಕೊಂಡು ಏದುಸಿರು ಬಿಡುತ್ತಿದ್ದ ಗಂಡ ಹೆಂಡತಿ. ನಡುವೆ, ಇಬ್ಬರ ಕುತ್ತಿಗೆಗೂ ಒಂದೊಂದು ಕೈ ಹಾಕಿಕೊಂಡಿದ್ದ ಮಗು.

"ಕಿಟಕಿ ತೋರ್ಸಾಕೆ ಎದ್ದೆ," ಎಂದ ಜಯಚಂದ್ರ. ಯಾರೂ ನಂಬಲಿಲ್ಲ. ಕಿಟಕಿ ಬಾಗಿಲ ಪಕ್ಕದಲ್ಲೇ ಇತ್ತು.

ಒಂದು ಗಂಟೆಗೆ ವೀರಭದ್ರಮ್ಮ ಎಲ್ಲರನ್ನೂ ಹೊರಗೆ ಕಳಿಸಿ ಮಗುವನ್ನು ಮಾತ್ರ ಉಳಿಸಿಕೊಂಡರು. ವರದಿಯ ಹಾಳೆ ತೆಗೆದರು. ಪ್ರತಿ ಸಲದ ಪದ್ಧತಿ ಇದು. ಬಾಗಿಲ ಸಂದಿಯಿಂದ ಜಯಚಂದ್ರ ಕೈಮುಗಿದು ನಿಂತದ್ದು ಕಾಣುತ್ತಿತ್ತು. ದೇವರಿಗೋ, ಮಗಳಿಗೋ.

"ಇವತ್ತು ಅಪ್ಪ ಏನಾದ್ರು ಅಂತಾ ಪಾಪಾ?"

"ಊಂ. ಕೊಡಿಕೊಂಡ ದಾಟುಸ್ಬುಡ್ತೀನಿ ಅಂತು."

ವೀರಭದ್ರಮ್ಮನ ಪೆನ್ನು ಹಾಳೆಗೆ ತಾಗಿತು. 'ಭೇಟಿ ನಿಲ್ಲಿಸುವುದು ಸೂಕ್ತ' ಎಂದು ಬರೆದರು. ಸಹಿ ಹಾಕಲು ಕೈ ಊರಿದವರು ತಡೆದು ಕೇಳಿದರು:

"ಯಾವಾಗ ಅಂತು ಪಾಪಾ? ಎರಡೂ ಗಂಟೆ ಹೊತ್ತು ನಾವು ಇಲ್ಲೇ ಇದ್ವಲ್ಲ. ನಂಗೆ ಕೇಳಿಸ್ಲೇ ಇಲ್ಲ?"

ವಾಣಿ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ, ಹೊರಗಿನವರಿಗೆ ಕೇಳಿಸದ ಹಾಗೆ ಕೇಳಿದಳು:

"ಇದೂ ಬರ್ಕಂಡ್ರೆ, ಮುಂದಿನ್ ಸಲ ಅಮ್ಮನ್ನ ಅಪ್ಪನ ಪಕ್ಕದಾಗೇ ಕೂರುಸ್ತೀರಲ್ವಾ ಮೇಡಂ?"