ಮೊದಲ ಬಹುಮಾನ

ಆಸ್ಪತ್ರೆಯ ಹಾಸಿಗೆಯ ಮೇಲಿದ್ದ ಕೂಸಿನ ಪಾದವನ್ನು ನರ್ಸ್ ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಬಿದ್ದ ಕುಳಿ ಬಿದ್ದ ಹಾಗೇ ಉಳಿಯಿತು. ಕೆಂಚು ಕೂದಲು ಮುಟ್ಟಿದರೆ ಕೈಗೇ ಬರುತ್ತಿತ್ತು. ಈ ವಾರ ಇಂಥದ್ದು ಇದು ಮೂರನೆಯದು. ಅವಳ ತಾಳ್ಮೆ ಮುಗಿದಿತ್ತು.

"ಇದು ಮೈ ತುಂಬಿದ್ದಲ್ಲವ್ವಾ, ಬಾವು! ಹೊಟ್ಟಿಗೆ ಸತ್ವದ್ದು ಏನೂ ಬೀಳದಕ್ಕ ಮೈಯಾಗ ನೀರು ತುಂಬೇತಿ. ಏನು ತಿನ್ನಸ್ತಿದ್ದಿ?"

"ಗಂಜಿ ರೀ."

"ಬರೇ ಗಂಜಿ! ಹಿಂಗ ಊದಿ ಎರಡು ತಿಂಗಳಾತು ಅಂತಿ, ಈಗ ತರ್ತೀಯಲ್ಲ?"

"ಕೂಸು ಗುಂಡ್ ಗುಂಡಗ ಐತಿ ಅಂತ ಎಲ್ಲಾರೂ ಅಂದ್ರು ರೀ," ಎನ್ನುತ್ತ ತಾಯಿ, ಗಂಜಿ ಕುಡಿಸಲು ಮನೆಯಿಂದ ತಂದಿದ್ದ ಸ್ಟೀಲ್ ಲೋಟ ಮುಂದೆ ಹಿಡಿದಳು. ಅದರ ಮೇಲೆ ಕೊರೆದಿತ್ತು: 'ಆರೋಗ್ಯವಂತ ಶಿಶು ಸ್ಪರ್ಧೆ, ಪ್ರಥಮ ಬಹುಮಾನ.'

ನರ್ಸಿಗೆ ಸಿಟ್ಟು ನೆತ್ತಿಗೇರಿತು.

"ಈ ಕೂಸಿಗೆ ಬಹುಮಾನ? ಕೊಟ್ಟವರಿಗೆ ಕಣ್ಣಿದ್ವೋ ಇಲ್ಲೋ? ಒಂದ ಸಲ ಕಾಲು ಒತ್ತಿ ನೋಡಿದ್ರ ಸಾಕಿತ್ತು!"

ತಾಯಿ ತಲೆ ತಗ್ಗಿಸಿದಳು.

"ಹೆದರಬ್ಯಾಡ, ಬಾಯಿ ಬಿಡು. ಆ ಪುಣ್ಯಾತ್ಮರ ಹೆಸರು ಹೇಳು. ಇವತ್ತ ಮ್ಯಾಲಿನ ಸಾಹೇಬ್ರಿಗೆ ಬರದು ಹಾಕ್ತೀನಿ."

"ಹೆಸರು ಗೊತ್ತಿಲ್ರೀ ಅಕ್ಕಾರ," ತಾಯಿ ಸೆರಗಿನಿಂದ ಲೋಟದ ಅಂಚು ಒರೆಸಿದಳು. "ನಮ್ಮೂರ ಅಂಗನವಾಡಿಗೆ ಬಂದು, ಕೂಸಿನ ಗಲ್ಲ ಹಿಂಡಿ, ಇದನ್ನ ಅದರ ಕೈಯಾಗ ಇಟ್ಟವರು ನೀವ ಅಲ್ರೀ?"